ಮೊದಲು ಕೂತು ನೋಡು

ನಿನ್ನ ಕೈ ಚೆನ್ನಾಗಿದೆ ಮಗೂ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗದರುವಾಗ ನೆನಪಿರಲಿ. ನೀನು ಕಳಿಸಿದ ಬೆಂಚಿನ ಫೋಟೋ ನೋಡಿದೆ. ಬೆನ್ನೊರಗುವ ಕಡೆಯ ಬಳುಕು ಸೊಗಸಾಗಿದೆ, ಬಣ್ಣ ಸೊಗಸಾಗಿದೆ, ಪಕ್ಕಕ್ಕೆ ತಂದಿಟ್ಟ ದಾಸವಾಳದ ಕುಂಡವೂ ಸೊಗಸಾಗಿದೆ. ಆದರೆ ಆ ಬೆಂಚಿನ ಮೇಲೆ ಯಾರೂ ಕೂತಿಲ್ಲ. ನೀನೂ ಕೂತಂತೆ ಕಾಣೆ. ಕೆಲಸ ಮುಗಿದ ಗಳಿಗೆಗೆ ಫೋಟೋ, ಸಂಜೆಯೊಳಗೆ ಊರಿಗೆಲ್ಲ ರವಾನೆ, ಮಾರನೆಯ ದಿನ ಬೆಲೆ ಕೇಳಿದವರ ಪಟ್ಟಿ. ಯಾಕಿಷ್ಟು ಅವಸರ? ಮನೆಯೊಳಗಿನ ಕುರ್ಚಿ ಮಾಡಿ ಕೊಟ್ಟ ದಿನಕ್ಕೆ ಹೆಚ್ಚುಕಡಿಮೆ ಮುಗಿದ ಕೆಲಸ. ತೋಟಕ್ಕೆ ಮಾಡಿದ್ದು ಹಾಗಲ್ಲ. ಅದನ್ನು ಗೇಟಿನಿಂದ ಒಳಗೆ ಇಳಿಸಿದ ದಿನ ಅದರ ಪರೀಕ್ಷೆ ಶುರುವಾಗುತ್ತದೆ, ಮತ್ತು ಪರೀಕ್ಷೆ ಮಾಡುವವರು ಯಾರೂ ನಿನ್ನ ಸ್ನೇಹಿತರಲ್ಲ.

ನಾನಿರುವ ನುಂಗಂಬಾಕ್ಕಂಗೆ ಒಮ್ಮೆ ಬಾ. ಕಂಪನಿ ಸರ್ಕಾರದ ಕಾಲದಲ್ಲಿ ಇದು ದೊರೆಗಳ ತೋಟದ ಮನೆಗಳ ಜಾಗ. ವಾಲೇಸ್ ಗಾರ್ಡನ್, ಪೈಕ್ರಾಫ್ಟ್ಸ್ ಗಾರ್ಡನ್ ಎಂದು ಬೀದಿಗಳ ಹೆಸರಲ್ಲಿ ಆ ತೋಟಗಳು ಇನ್ನೂ ಇವೆ, ನೆಲದ ಮೇಲೆ ಮಾತ್ರ ಅಪಾರ್ಟ್‌ಮೆಂಟು. ಇಲ್ಲಿನ ಕಾಲೇಜು ರಸ್ತೆಯಲ್ಲಿ ಹವಾಮಾನ ಕಚೇರಿ ಇದೆ. ಚೆನ್ನೈಗೆ ಎಷ್ಟು ಮಳೆ ಬಂತು, ಎಷ್ಟು ಬಿಸಿಲು ಕಾಯಿತು ಎಂದು ಪೇಪರಿನಲ್ಲಿ ಓದುತ್ತೀಯಲ್ಲ, ಆ ಲೆಕ್ಕ ಹುಟ್ಟುವುದು ಅಲ್ಲಿ. 1792ರಲ್ಲಿ ಅದೇ ಆವರಣದಲ್ಲಿ ನಕ್ಷತ್ರ ನೋಡುವ ವೀಕ್ಷಣಾಲಯ ಕಟ್ಟಿದ್ದರು. ದೂರದರ್ಶಕ ಒಂದಿಷ್ಟೂ ಅಲುಗಬಾರದೆಂದು ಅದರ ಕೆಳಗೆ ಗ್ರಾನೈಟ್ ಕಂಬ ನಿಲ್ಲಿಸಿ, ಮೈಮೇಲೆ ಹಲವು ಭಾಷೆಗಳಲ್ಲಿ ಬರಹ ಕೆತ್ತಿಸಿದರು. ವೀಕ್ಷಣಾಲಯದ ಕೆಲಸ ಎಂದೋ ಕೊಡೈಕೆನಾಲಿಗೆ ಹೋಯಿತು. ಕಂಬ ಅಲ್ಲೇ ನಿಂತಿದೆ. ಬಯಲಿನಲ್ಲಿ ಯಾವುದು ಉಳಿಯುತ್ತದೆ ಎಂಬ ಪ್ರಶ್ನೆಗೆ ಈ ಬಡಾವಣೆಯಲ್ಲಿ ಸಿಗುವ ಉತ್ತರ ಅದು.

ಇನ್ನು ಆ ಕಚೇರಿಯ ಲೆಕ್ಕಗಳನ್ನೂ ಕೇಳು. 2003ರ ಮೇ ಕೊನೆಗೆ ಇಲ್ಲಿ 45 ಡಿಗ್ರಿ ಬಿಸಿಲು. 2015ರ ನವೆಂಬರ್ ಒಂದೇ ತಿಂಗಳಲ್ಲಿ 100 ಸೆಂಟಿಮೀಟರ್ ದಾಟಿದ ಮಳೆ. ಅದು ಸಾಲದೆಂಬಂತೆ ಡಿಸೆಂಬರ್ ಮೊದಲ ದಿನ ಊರು ಮುಳುಗಿತು. ಮರುವರ್ಷ ಡಿಸೆಂಬರ್ 12ಕ್ಕೆ ವರ್ದಾ ಚಂಡಮಾರುತ, ಗಂಟೆಗೆ 100 ಕಿಲೋಮೀಟರಿಗೂ ಮೀರಿದ ಗಾಳಿ. ನಿನ್ನ ಬೆಂಚಿನ ಮೇಲೆ ಮೊದಲು ಕೂರುವವರು ಇವರು. ನೀನು ಸ್ಕೆಚ್ ಪುಸ್ತಕ ತೆರೆಯುವ ಮೊದಲು ಇವರ ಸ್ವಭಾವ ತಿಳಿದುಕೊ.

ಮರದ ವಿಷಯಕ್ಕೆ ಬರೋಣ. ತೇಗ ತಂದೆ ಎಂದು ಹೆಮ್ಮೆಯಿಂದ ಬರೆದಿದ್ದೀಯ. ಒಳ್ಳೆಯದೇ. ತೇಗದ ಚೇಗಿನಲ್ಲಿ ಎಣ್ಣೆಯ ಅಂಶ ಇರುತ್ತದೆ, ಗೆದ್ದಲು ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಆದರೆ ಚೇಗಿನ ಸುತ್ತ ಬೆಳ್ಳಗೆ ಒಂದು ಪದರ ಇದೆಯಲ್ಲ, ಅದಕ್ಕೆ ಆ ಗುಣ ಇಲ್ಲ. ಟಿಂಬರ್ ಡಿಪೋದವರು ಎರಡನ್ನೂ ಒಂದೇ ಬೆಲೆಗೆ ತೂಗುತ್ತಾರೆ, ನೀನು ಪಾಲಿಶ್ ಬಳಿದು ಎರಡನ್ನೂ ಒಂದೇ ಬಣ್ಣ ಮಾಡುತ್ತೀಯ. ಗೆದ್ದಲಿಗೆ ಪಾಲಿಶ್ ಕಾಣುವುದಿಲ್ಲ. ಹಲಗೆ ಆರಿಸುವಾಗ ಬಿಳಿ ಅಂಚು ಇದ್ದರೆ ಪಕ್ಕಕ್ಕಿಡು, ನಾಚಿಕೆ ಬೇಡ, ಹತ್ತು ಹಲಗೆ ತಿರುವಿ ಹಾಕಿಸು. ನಮ್ಮ ಕಾರ್ಕಳದ ಕಡೆ ಬಯಲಿನ ಕೆಲಸಕ್ಕೆ ಕಿರಾಲುಬೋಗಿ ಹುಡುಕುತ್ತಿದ್ದರು. ಹಲಸು, ಮತ್ತಿ, ಹೊನ್ನೆ ಒಂದೊಂದಕ್ಕೂ ಒಂದೊಂದು ಬುದ್ಧಿ. ಬಡಗಿಯ ಹತ್ತಿರ ಕೇಳು. ಪುಸ್ತಕದಲ್ಲಿ ಇರದ್ದು ಅವನ ಬೆರಳಿನಲ್ಲಿ ಇರುತ್ತದೆ.

ಮರ ನೀರು ಕುಡಿಯುವುದು ಕಡಿದ ತುದಿಯಿಂದ. ಬೆಂಚಿನ ನಾಲ್ಕು ಕಾಲೂ ಹಸಿ ಮಣ್ಣಿನಲ್ಲಿ ಊರಿಕೊಂಡಿದ್ದರೆ ಮೇಲೆ ಏನು ಬಳಿದರೂ ಅಷ್ಟೇ. ಕಾಲಿನ ಅಡಿಗೆ ಅಂಗೈಯಗಲದ ಕಲ್ಲು ಕೊಡು. ಕೂರುವ ಹಲಗೆಗಳ ನಡುವೆ ಸಂದು ಬಿಡು, ಮಳೆಗಾಲಕ್ಕೆ ಅವು ಅಡ್ಡಡ್ಡ ಉಬ್ಬುತ್ತವೆ. ಹಲಗೆ ತುಸು ವಾಲಿರಲಿ, ನೀರು ನಿಲ್ಲಬಾರದು. ಕೀಲುಗಳಲ್ಲಿ ನೀರು ಹೊಕ್ಕರೆ ಹೊರಬರುವ ದಾರಿಯೂ ಇರಲಿ. ವರ್ಷ ಕಳೆದ ಮೇಲೆ ತೇಗ ಬೂದುಬಣ್ಣಕ್ಕೆ ತಿರುಗಿತೆಂದು ಗಿರಾಕಿ ಫೋನು ಮಾಡಿದರೆ ಗಾಬರಿ ಬೀಳಬೇಡ. ಅದು ರೋಗವಲ್ಲ, ಬಿಸಿಲಿಗೆ ತೇಗ ಹಾಗೇ ಆಗುವುದು. ಆ ಮಾತನ್ನು ದುಡ್ಡು ತೆಗೆದುಕೊಳ್ಳುವ ಮೊದಲೇ ಹೇಳಿರಬೇಕು, ಅಷ್ಟೇ.

ಕಬ್ಬಿಣ ನಿನಗೆ ಬಲು ಪ್ರೀತಿ ಎಂದು ಗೊತ್ತು. ವೆಲ್ಡಿಂಗ್ ಕಿಡಿ ಹಾರುವಾಗ ಏನೋ ಮಹತ್ತಾದ್ದು ಆಗುತ್ತಿದೆ ಅನ್ನಿಸುತ್ತದೆ, ಒಪ್ಪುತ್ತೇನೆ. ಆದರೆ ಇಲ್ಲಿಂದ ಸಮುದ್ರ ಕೆಲವೇ ಕಿಲೋಮೀಟರು. ಉಪ್ಪುಗಾಳಿ ಮೊದಲು ಹುಡುಕಿ ಬರುವುದು ನೀನು ವೆಲ್ಡಿಂಗ್ ಹಾಕಿ, ಅರ್ಧಂಬರ್ಧ ಉಜ್ಜಿ, ಬಣ್ಣ ಬಳಿದು ಮುಚ್ಚಿದ ಜಾಗವನ್ನೇ. ಬಣ್ಣಕ್ಕೆ ಮೊದಲು ಕರಗಿದ ಸತುವಿನಲ್ಲಿ ಅದ್ದಿಸು. ಸ್ಟೇನ್‌ಲೆಸ್ ಸ್ಟೀಲ್ ತರುವುದಾದರೆ 304 ಬೇಡ, 316 ಕೇಳು. ಅದರಲ್ಲಿ ಮಾಲಿಬ್ಡಿನಮ್ ಬೆರೆತಿರುತ್ತದೆ, ಉಪ್ಪಿಗೆ ತಡೆಯುತ್ತದೆ. ಇನ್ನೊಂದು: ಮೇ ತಿಂಗಳ ಮಧ್ಯಾಹ್ನ ನಿನ್ನ ಕಬ್ಬಿಣದ ಕುರ್ಚಿಯ ಮೇಲೆ ಬರಿಗೈ ಇಟ್ಟು ಹತ್ತು ಎಣಿಸು. ಎಣಿಸಲಾಗದಿದ್ದರೆ ಅದನ್ನು ಯಾರ ತೋಟಕ್ಕೂ ಕಳಿಸಬೇಡ. ಕೂರಲು ಬರುವುದು ಚಿತ್ರಕಲಾ ವಿಮರ್ಶಕರಲ್ಲ, ತೆಳುಸೀರೆಯುಟ್ಟ ಅಜ್ಜಿಯರು, ಚಡ್ಡಿ ಹಾಕಿದ ಮಕ್ಕಳು.

ವರ್ದಾ ಬೀಸಿದ ಮಾರನೆಯ ದಿನ ನಮ್ಮ ಬೀದಿಗಳಲ್ಲಿ ನಡೆಯಲು ಜಾಗ ಇರಲಿಲ್ಲ, ಎಲ್ಲಿ ನೋಡಿದರೂ ಉರುಳಿದ ಮರ. ನಿನ್ನ ವಯಸ್ಸಿನವರು ಕೆಲವರು ಕಾಂಡಗಳನ್ನು ಗಾಡಿಗೆ ಹಾಕಿಕೊಂಡು ಹೋಗಿ, ಹಸಿಹಸಿಯಾಗಿಯೇ ಕೆತ್ತಲು ಕೂತರು. ಉತ್ಸಾಹ ಕಂಡು ಖುಷಿಯಾಯಿತು. ಬೇಸಿಗೆಗೆ ಅವು ಸೀಳಿದ್ದನ್ನು ಕಂಡು ಸಂಕಟವಾಯಿತು. ಹಲಗೆ ಎಷ್ಟು ಇಂಚು ದಪ್ಪವೋ ಅಷ್ಟು ವರ್ಷ ಒಣಗಬೇಕು ಎಂಬುದು ಹಳೆಯ ಬಡಗಿಗಳ ಲೆಕ್ಕ. ತುದಿಗಳಿಗೆ ಮೇಣವನ್ನೋ ದಪ್ಪ ಬಣ್ಣವನ್ನೋ ಬಳಿದು, ನೆರಳಲ್ಲಿ, ನೆಲದಿಂದ ಮೇಲೆತ್ತಿ, ನಡುನಡುವೆ ಪಟ್ಟಿ ಕೊಟ್ಟು ಪೇರಿಸಿಡಬೇಕು. ಅಷ್ಟು ಕಾಯಲಾಗದಿದ್ದರೆ ಬಿರುಕನ್ನು ಒಪ್ಪಿಕೊಳ್ಳುವ ರೂಪವನ್ನೇ ಯೋಚಿಸು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಬಿದ್ದ ಮರಗಳ ಕಾಂಡಗಳಲ್ಲೇ ಶಿಲ್ಪ ಕೆತ್ತಿಸಿ ನಿಲ್ಲಿಸಿದ್ದಾರೆ. ಹೋದಾಗ ಹೂವಿನ ಜೊತೆ ಅವುಗಳ ಬಿರುಕುಗಳನ್ನೂ ನೋಡಿ ಬಾ.

ಈಗ ಮುಖ್ಯ ಮಾತು. ಏನು ಮಾಡಬೇಕು ಎನ್ನುವ ಮೊದಲು ಎಲ್ಲಿ ಇಡಬೇಕು ಎಂಬುದನ್ನು ನೋಡು. ಗಿರಾಕಿಯ ತೋಟಕ್ಕೆ ಟೇಪು ಹಿಡಿದು ಹೋಗಬೇಡ, ಬರಿಗೈಯಲ್ಲಿ ಹೋಗು. ಬೆಳಿಗ್ಗೆ ಒಮ್ಮೆ, ಇಳಿಹೊತ್ತಿಗೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ. ನೀರು ಎಲ್ಲಿ ಮಡುಗಟ್ಟುತ್ತದೆ, ನೆರಳು ಎಲ್ಲಿಂದ ಎಲ್ಲಿಗೆ ಸರಿಯುತ್ತದೆ, ಮನೆಯ ಹಿರಿಯರು ಯಾವ ಮೂಲೆಯಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಾರೆ, ಕಾಗೆ ಯಾವ ಕೊಂಬೆ ಹಿಡಿದಿದೆ, ಎಲ್ಲ ಕಣ್ಣಿಗೆ ಬೀಳುತ್ತದೆ. ಕಾಗೆಯ ಕೊಂಬೆಯ ಕೆಳಗೆ ಬೆಂಚು ಹಾಕುವವನಿಗೆ ಯಾವ ಕಾಲೇಜು ಪದವಿ ಕೊಟ್ಟರೂ ವ್ಯರ್ಥ.

ಇದನ್ನು ಕಲಿಯಲು ಇಲ್ಲಿಂದ ದೂರ ಹೋಗಬೇಕಿಲ್ಲ. ಕೆಥೆಡ್ರಲ್ ರಸ್ತೆಯ ಸೆಮ್ಮೊಳಿ ಪೂಂಗಾ ಹತ್ತಿರದಲ್ಲೇ ಇದೆ. ಆ ಜಾಗದ ಹಿಂದಿನ ಕಥೆ ನಿನಗೆ ಗೊತ್ತಿರಬೇಕು, ಅದು ನಮ್ಮವರ ಕಥೆ. ಉಡುಪಿ ಕಡೆಯಿಂದ ಬರಿಗೈಯಲ್ಲಿ ಮದ್ರಾಸಿಗೆ ಬಂದ ಕೃಷ್ಣರಾಯರು 1962ರಲ್ಲಿ ಅಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ತೆರೆದರು. ಮರದ ನೆರಳಲ್ಲಿ ಕಾರು ನಿಲ್ಲಿಸಿದರೆ ತಟ್ಟೆ ಕಾರಿಗೇ ಬರುತ್ತಿತ್ತು. ಜನ ದೋಸೆಗೆ ಎಷ್ಟು ಬಂದರೋ ಆ ಮರಗಳಿಗೂ ಅಷ್ಟೇ ಬಂದರು. 2008ರಲ್ಲಿ ಅದು ಮುಚ್ಚಿ, 2010ರಲ್ಲಿ ಸಸ್ಯೋದ್ಯಾನ ಆಯಿತು. ಅಲ್ಲಿಗೆ ಹೋಗಿ ಒಂದು ಸಂಜೆ ಸುಮ್ಮನೆ ಕೂರು. ಜನ ಯಾವ ಬೆಂಚನ್ನು ಓಡಿಹೋಗಿ ಹಿಡಿಯುತ್ತಾರೆ, ಯಾವುದನ್ನು ಕಂಡೂ ದಾಟುತ್ತಾರೆ, ನೋಡು. ಬೆನ್ನ ಹಿಂದೆ ಗಿಡವೋ ಗೋಡೆಯೋ ಇದ್ದು ಎದುರಿಗೆ ದಾರಿ ಕಂಡರೆ ಮೊದಲು ತುಂಬುತ್ತದೆ. ನಡುಬಯಲಲ್ಲಿ ಇಟ್ಟ ಚಂದದ ಬೆಂಚು ಖಾಲಿ ಬಿದ್ದಿರುತ್ತದೆ. ಯಾವ ತರಗತಿಯಲ್ಲೂ ಇದನ್ನು ನಿನಗೆ ಇಷ್ಟು ಚೆನ್ನಾಗಿ ಹೇಳಿಕೊಡಲಾರರು.

ಎತ್ತರದ ಮಾತು. ಕೂರುವ ಹಲಗೆ ನೆಲದಿಂದ 16ರಿಂದ 18 ಇಂಚು. ಇದನ್ನು ಕಲೆಯ ಹೆಸರಿನಲ್ಲಿ ಮುರಿಯಬೇಡ. ವಯಸ್ಸಾದವರಿಗೆ ಕೂರುವುದಕ್ಕಿಂತ ಏಳುವುದು ಕಷ್ಟ. ಕೈಯೂರಲು ಒಂದು ಹಿಡಿ ಇದ್ದರೆ ನಿನಗೆ ಮನಸ್ಸಿನಲ್ಲೇ ಆಶೀರ್ವಾದ ಸಿಗುತ್ತದೆ. ಬಾರ್ಸಿಲೋನಾದ ಪಾರ್ಕ್ ಗ್ವೆಲ್‌ನಲ್ಲಿ ಗೌಡಿ ಮಾಡಿಸಿದ ಹಾವಿನ ನಡಿಗೆಯ ಉದ್ದನೆಯ ಬೆಂಚಿನ ಚಿತ್ರ ನೀನೂ ಗೋಡೆಗೆ ಅಂಟಿಸಿಕೊಂಡಿದ್ದೀಯ. ಒಡೆದ ಹೆಂಚಿನ ಚೂರುಗಳ ಬಣ್ಣ ಕಂಡು ಮರುಳಾದೆ. ಅದರ ಬೆನ್ನು ಸೊಂಟಕ್ಕೆ ಆನಿಕೆ ಕೊಡುವುದನ್ನು, ಕೂರುವಲ್ಲಿ ನೀರು ಇಳಿದುಹೋಗಲು ತೂತು ಬಿಟ್ಟದ್ದನ್ನು ಗಮನಿಸಿದೆಯಾ? ಕೆಲಸಗಾರನೊಬ್ಬನನ್ನು ಹಸಿ ಗಾರೆಯ ಮೇಲೆ ಕೂರಿಸಿ ಆ ಬಳುಕು ಹಿಡಿದರು ಎಂದು ಅಲ್ಲಿ ಹೇಳುತ್ತಾರೆ. ಬಣ್ಣ ಆಮೇಲೆ ಬಂತು.

ಪರದೇಶದ ಮಾತು ಸಾಕು. ಶಿಲ್ಪ ಬೇರೆ, ಪೀಠೋಪಕರಣ ಬೇರೆ ಎಂದು ನೀನು ಹೋದ ಸಲ ನನ್ನೊಡನೆ ಬಹಳ ವಾದ ಮಾಡಿದೆ. ತಮಿಳುನಾಡಿನ ಹಳೆಯ ದಾರಿಗಳ ಪಕ್ಕದಲ್ಲಿ ಸುಮೈತಾಂಗಿ ಎಂಬ ಕಲ್ಲು ಕಾಣುತ್ತದೆ. ಎರಡು ಕಲ್ಲು ನೆಟ್ಟಗೆ, ಮೇಲೊಂದು ಅಡ್ಡ ಚಪ್ಪಡಿ. ಅಷ್ಟೇ. ತಲೆಹೊರೆ ಹೊತ್ತು ನಡೆಯುವವರು ಬಗ್ಗದೆ, ಯಾರನ್ನೂ ಕರೆಯದೆ, ಹೊರೆಯನ್ನು ಅದರ ಮೇಲೆ ಸರಿಸಿ ಉಸಿರು ತೆಗೆದುಕೊಳ್ಳಬೇಕು, ಮತ್ತೆ ತಾವೇ ತಲೆಗೆ ಏರಿಸಿಕೊಂಡು ಹೊರಡಬೇಕು. ಅದಕ್ಕೆ ತಕ್ಕ ಎತ್ತರ. ಬಸಿರಿನಲ್ಲೇ ತೀರಿಹೋದ ಹೆಣ್ಣುಮಗಳ ನೆನಪಿಗೆ ಇಂಥ ಕಲ್ಲು ಹಾಕಿಸುವ ರೂಢಿ ಇತ್ತು. ಅವಳು ಇಳಿಸಲಾಗದ ಭಾರವನ್ನು ದಾರಿಹೋಕರಾದರೂ ಇಳಿಸಲಿ ಎಂದು. ಅದರ ಮೇಲೆ ಬಳ್ಳಿಯಿಲ್ಲ, ಹೂವಿಲ್ಲ, ಮಾಡಿದವನ ಸಹಿ ಇಲ್ಲ. ಅದು ಸ್ಮಾರಕವೋ ಮೇಜೋ? ನೀನೇ ಹೇಳು. ದನಗಳು ಮೈಯುಜ್ಜಿಕೊಳ್ಳಲಿ ಎಂದು ಕೆರೆಯ ಹತ್ತಿರ ಕಲ್ಲು ನೆಡುತ್ತಿದ್ದ ಜನ ಇವರು. ನಮ್ಮ ಕಡೆಯ ಅರಳಿಕಟ್ಟೆ ನೆನೆಸಿಕೊ. ಬುಡದಲ್ಲಿ ನಾಗರಕಲ್ಲು, ಸುತ್ತ ಕೂರುವ ಜಗಲಿ, ಮೇಲೆ ನೆರಳು. ದೇವರು, ಪಂಚಾಯಿತಿ, ಮಧ್ಯಾಹ್ನದ ನಿದ್ದೆ, ಮೂರಕ್ಕೂ ಒಂದೇ ಕಟ್ಟೆ. ರೊಮೇನಿಯಾದ ಬ್ರಾಂಕುಶಿ 1938ರಲ್ಲಿ ತಿರ್ಗು ಜಿಯು ಊರಿನ ಉದ್ಯಾನದಲ್ಲಿ ಒಂದು ದುಂಡನೆಯ ಕಲ್ಲಿನ ಮೇಜು, ಸುತ್ತ ಹನ್ನೆರಡು ಕಲ್ಲಿನ ಪೀಠ ಇಟ್ಟ. ಲೋಕವೆಲ್ಲ ಅದನ್ನು ಮಹಾಶಿಲ್ಪ ಎನ್ನುತ್ತದೆ. ನಾನೂ ಎನ್ನುತ್ತೇನೆ. ಆದರೆ ಅರಳಿಕಟ್ಟೆ ಕಟ್ಟಿದವನಿಗೆ ಅದು ಅಚ್ಚರಿ ಎನಿಸುತ್ತಿರಲಿಲ್ಲ.

ಮೂರ್ತಿಶಿಲ್ಪ ಮಾಡುತ್ತೀಯಾದರೆ ಮರೀನಾಕ್ಕೆ ಹೋಗಿ ದೇವಿಪ್ರಸಾದ ರಾಯ್ ಚೌಧರಿ ಮಾಡಿದ ದುಡಿಮೆಗಾರರ ಶಿಲ್ಪ ನೋಡು. 1959ರಿಂದ ಅಲ್ಲಿದೆ. ನಾಲ್ವರು ಸೇರಿ ಒಂದು ಬಂಡೆ ಮೀಟುತ್ತಿದ್ದಾರೆ. ಎಲ್ಲರೂ ರಸ್ತೆಯ ಕಡೆಯಿಂದ ನೋಡಿ ಹೋಗುತ್ತಾರೆ, ನೀನು ಸುತ್ತು ಹಾಕು. ಬೆನ್ನು, ತೊಡೆ, ಹಿಮ್ಮಡಿ ಎಲ್ಲದರಲ್ಲೂ ಅದೇ ಬಿಗಿ. ಗೋಡೆಗೆ ಒರಗಿಸುವ ಶಿಲ್ಪಕ್ಕೆ ಹಿಂಭಾಗ ಇರುತ್ತದೆ. ತೋಟದಲ್ಲಿ ಯಾವ ಕಡೆಯಿಂದ ಯಾರು ಬರುತ್ತಾರೋ! ಹಿಂದೆ ಯಾರು ನೋಡುತ್ತಾರೆ ಎಂದು ನೀನು ಒರಟಾಗಿ ಬಿಟ್ಟ ಜಾಗದಲ್ಲೇ ಮಾಲಿ ದಿನಾ ನೀರು ಹಾಕುತ್ತ ನಿಂತಿರುತ್ತಾನೆ.

ಕಲ್ಲು ಕೊಳ್ಳುವಾಗ ಕಿವಿ ಕೊಡು. ನಮ್ಮ ನುಂಗಂಬಾಕ್ಕಂನ ಕೆರೆಯಂಗಳದಲ್ಲಿ 1976ರಲ್ಲಿ ಎದ್ದ ವಳ್ಳುವರ್ ಕೋಟ್ಟಂನ ಕಲ್ಲಿನ ತೇರು ಗಣಪತಿ ಸ್ಥಪತಿಗಳ ಕೆಲಸ. ಕನ್ಯಾಕುಮಾರಿಯ 133 ಅಡಿಯ ತಿರುವಳ್ಳುವರ್ ಕೂಡ ಅವರದೇ. ಆ ಪರಂಪರೆಯವರು ಕಲ್ಲನ್ನು ಉಳಿಯಿಂದ ತಟ್ಟಿ, ನಾದ ಕೇಳಿ, ಪುರುಷ ಶಿಲೆ, ಸ್ತ್ರೀ ಶಿಲೆ, ನಪುಂಸಕ ಶಿಲೆ ಎಂದು ಗುರುತಿಸುತ್ತಾರೆ. ನೀನು ಶಾಸ್ತ್ರ ಓದದಿದ್ದರೂ ಪರವಾಗಿಲ್ಲ, ತಟ್ಟಿ ನೋಡುವುದನ್ನು ಕಲಿ. ಗಂಟೆಯ ಸದ್ದು ಬಂದರೆ ತಾ. ಸದ್ದು ಸತ್ತಿದ್ದರೆ ಒಳಗೆ ಬಿರುಕಿದೆ. ಸಿಮೆಂಟನ್ನೂ ಹೀಗಳೆಯಬೇಡ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಸಿಮೆಂಟಿನಲ್ಲೇ ಒಂದಿಡೀ ಉತ್ತರ ಕರ್ನಾಟಕದ ಹಳ್ಳಿಯನ್ನು ತೋಟದೊಳಗೆ ಎಬ್ಬಿಸಿದರು. ಹಳ್ಳಿಯಿಂದ ಬಂದ ಅಜ್ಜ ಆ ಮೂರ್ತಿಗಳ ನಡುವೆ ಕೂತರೆ ಯಾರು ಮೂರ್ತಿ ಎಂದು ಎರಡು ಸಲ ನೋಡಬೇಕು. ಊರಿನ ಮೈಕಟ್ಟು ತಿಳಿದ ಕೈಗೆ ಸಾಮಗ್ರಿ ಬಡತನವಲ್ಲ. ಒಳಗಿನ ಸರಳಿಗೆ ನೀರು ತಾಗದಂತೆ ನೋಡಿಕೊ, ಅದು ತುಕ್ಕು ಹಿಡಿದು ಉಬ್ಬಿದರೆ ಮೈಯೆಲ್ಲ ಸಿಡಿಯುತ್ತದೆ.

ಇನ್ನು ಸಾಗಿಸುವ ಪಾಡು. ನಮ್ಮ ಕಾರ್ಕಳದಲ್ಲಿ ರೆಂಜಾಳ ಗೋಪಾಲ ಶೆಣೈಯವರ ಮುಂದಾಳ್ತನದಲ್ಲಿ 39 ಅಡಿಯ ಬಾಹುಬಲಿಯನ್ನು ಒಂದೇ ಕಲ್ಲಿನಲ್ಲಿ ಕಡೆದರು. ನಿಲ್ಲಬೇಕಾದ್ದು ಧರ್ಮಸ್ಥಳದ ಗುಡ್ಡದ ಮೇಲೆ. 1973ರಲ್ಲಿ ಅದನ್ನು ಸಾಗಿಸಿದ್ದೇ ಒಂದು ಮಹಾಕಾರ್ಯ, ದಾರಿಯುದ್ದಕ್ಕೂ ಜನ ಕಾದು ನಿಂತು ನೋಡಿದರು. ಪ್ರತಿಷ್ಠೆ ಆದದ್ದು 1982ರಲ್ಲಿ. ಅಷ್ಟು ದೊಡ್ಡದನ್ನು ಯೋಚಿಸಿ ಸಾಗಿಸಿದರು. ನೀನು ಮೂರನೇ ಮಹಡಿಗೆ ಮಾಡಿದ ಕುರ್ಚಿ ಲಿಫ್ಟಿನ ಬಾಗಿಲಿಗೆ ಹಿಡಿಸದೆ ಮೆಟ್ಟಿಲಲ್ಲಿ ಸಿಕ್ಕಿಕೊಂಡಿತು! ಈಗಿನ ನುಂಗಂಬಾಕ್ಕಂನ ತೋಟ ಎಂದರೆ ಬಾಲ್ಕನಿ ಮತ್ತು ತಾರಸಿ. ಒಂದು ಘನ ಅಡಿ ಗ್ರಾನೈಟ್ ಸುಮಾರು 75 ಕಿಲೋ ತೂಗುತ್ತದೆ, ಲೆಕ್ಕ ಹಾಕಿಕೊ. ತಾರಸಿ ಎಷ್ಟು ಭಾರ ತಾಳುತ್ತದೆ ಎಂದು ಎಂಜಿನಿಯರನ್ನು ಕೇಳದೆ ಕಲ್ಲು ಏರಿಸಬೇಡ. ಬಾಗಿಲು, ಲಿಫ್ಟು, ಮೆಟ್ಟಿಲ ತಿರುವು ಅಳೆದ ಮೇಲೆ ಮೊದಲ ಗೆರೆ ಎಳೆ. ಬಿಚ್ಚಿ ಜೋಡಿಸುವ ಹಾಗೆ ಮಾಡುವುದೂ ಜಾಣತನವೇ.

ಹೊಟ್ಟೆಪಾಡಿನ ಮಾತು ಎತ್ತಿದರೆ ಮುಖ ಸಿಂಡರಿಸುತ್ತೀಯ, ಆದರೂ ಕೇಳು. 1966ರಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಮತ್ತು ಅವರ ಶಿಷ್ಯರು ಇಂಜಂಬಾಕ್ಕಂ ಕಡಲತಡಿಯಲ್ಲಿ ಚೋಳಮಂಡಲ ಕಲಾವಿದರ ಹಳ್ಳಿ ಕಟ್ಟಿದರಲ್ಲ, ಅವರಿಗೆ ಯಾರೂ ಹಣದ ಚೀಲ ತಂದು ಸುರಿಯಲಿಲ್ಲ. ಬಾತಿಕ್ ಬಟ್ಟೆ, ಲೋಹದ ಕೈಕೆಲಸ ಮಾಡಿ ಮಾರಿದರು, ಅದರಲ್ಲಿ ಬದುಕಿ ಚಿತ್ರ ಬರೆದರು, ಶಿಲ್ಪ ಮಾಡಿದರು. ತಾಮ್ರದ ತಗಡನ್ನು ಬಡಿದು ರೂಪ ತೆಗೆದ ಜಾನಕಿರಾಮ್, ತಾಮ್ರ ಹಿತ್ತಾಳೆ ಬೆಸೆದ ನಂದಗೋಪಾಲ್ ಬೆಳೆದದ್ದು ಆ ಗಾಳಿಯಲ್ಲೇ. ಹೂಕುಂಡದ ಸ್ಟ್ಯಾಂಡು ಮಾಡಿಕೊಡಲು ಕೇಳಿದರೆ ಅವಮಾನ ಎಂದುಕೊಳ್ಳಬೇಡ. ಆ ಸ್ಟ್ಯಾಂಡು ನೆಟ್ಟಗೆ ನಿಂತರೆ ಮುಂದಿನ ವರ್ಷ ಅದೇ ಮನೆಯವರು ಶಿಲ್ಪ ಕೇಳುತ್ತಾರೆ. ಜೊತೆಗೆ ದುಡಿದ ಬಡಗಿಗೆ, ವೆಲ್ಡರಿಗೆ ಅದೇ ದಿನ ಕೂಲಿ ಕೊಡು. ಗಿರಾಕಿ ಕೊಟ್ಟ ಮೇಲೆ ಎನ್ನಬೇಡ. ಫೋಟೋ ಹಾಕುವಾಗ ಅವರ ಹೆಸರೂ ಹಾಕು, ಅದಕ್ಕೇನು ಕಾಸು ಖರ್ಚಿಲ್ಲ.

ಬೆಲೆ ಹೇಳುವಾಗ ಮಳೆಗಾಲ ಕಳೆದ ಮೇಲಿನ ಒಂದು ಭೇಟಿಯನ್ನು ಅದರಲ್ಲೇ ಸೇರಿಸು. ಈಶಾನ್ಯ ಮಳೆ ಡಿಸೆಂಬರಿಗೆ ಇಳಿಯುತ್ತದೆ. ಸಂಕ್ರಾಂತಿಯ ಹೊತ್ತಿಗೆ ಸ್ಪ್ಯಾನರು, ಎಣ್ಣೆ, ಉಜ್ಜುವ ಕಾಗದ ಹಿಡಿದು ಹೋಗು. ಎಲ್ಲಿ ಸಡಿಲಾಗಿದೆ, ಎಲ್ಲಿ ಪಾಚಿ ಹಿಡಿದಿದೆ, ಮಗು ಯಾವ ಕೊನೆಯಲ್ಲಿ ಹತ್ತಿ ಜಗ್ಗಿದೆ, ಬರೆದುಕೊ. ಮುಂದಿನ ಬೆಂಚಿನ ನಕ್ಷೆ ಆ ಟಿಪ್ಪಣಿಯಿಂದಲೇ ಹುಟ್ಟಬೇಕು. ನಿನ್ನ ಓರಗೆಯವರು ಯಾರೂ ಈ ಕೆಲಸ ಮಾಡುವುದಿಲ್ಲ. ಅದಕ್ಕೇ ನಿನಗೆ ಹೇಳುತ್ತಿದ್ದೇನೆ.

ನಮ್ಮ ಕಾಂಪೌಂಡಿನ ಹಲಸಿನ ಮರ ಈ ಸಲದ ಗಾಳಿಗೆ ಬಿತ್ತು. ಎರಡಿಂಚು ದಪ್ಪಕ್ಕೆ ಕೊಯ್ಸಿ, ತುದಿಗೆ ಮೇಣ ಬಳಿಸಿ, ಕಾರ್ ಶೆಡ್ಡಿನ ನೆರಳಲ್ಲಿ ಪೇರಿಸಿದ್ದೇನೆ. ಚೇಗು ಒಳ್ಳೆ ಹಳದಿ ಇದೆ. ಅದು ನಿನಗೇ, ಬೇರೆ ಇಬ್ಬರು ಕೇಳಿದರೂ ಕೊಟ್ಟಿಲ್ಲ. ಆದರೆ ಈ ದೀಪಾವಳಿಗೆ ಗಾಡಿ ತೆಗೆದುಕೊಂಡು ಬರಬೇಡ, ಮುಂದಿನ ದೀಪಾವಳಿಗೂ ಬೇಡ. ಅದರ ಮಾರನೆಯ ವರ್ಷ ಬಾ. ಅಷ್ಟರೊಳಗೆ ಅದರಲ್ಲಿ ಏನು ಮಾಡಬೇಕು ಎಂದು ನಿನಗೂ ಗೊತ್ತಾಗಿರುತ್ತದೆ.